ಭೌತ ಬದಲಾವಣೆಯೋ ರಾಸಾಯನಿಕ ಬದಲಾವಣೆಯೋ: ತರಗತಿಯ ಸರಳ ಪ್ರಯೋಗಗಳಿಂದ ತೋರಿಸುವುದು ಹೇಗೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ವಿಜ್ಞಾನ ಬೋಧಿಸುತ್ತಿದ್ದೇನೆ. ಭೌತ ಮತ್ತು ರಾಸಾಯನಿಕ ಬದಲಾವಣೆಗಳ ಪಾಠಕ್ಕೆ ಬರುವ ಹೊತ್ತಿಗೆ ಮಕ್ಕಳು ಒಂದು ಸಾಲನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ: ಮೊದಲಿನ ಸ್ಥಿತಿಗೆ ಮರಳಿಸಬಹುದಾದದ್ದು ಭೌತ ಬದಲಾವಣೆ, ಮರಳಿಸಲಾಗದ್ದು ರಾಸಾಯನಿಕ ಬದಲಾವಣೆ. ಮಂಜುಗಡ್ಡೆ ಕರಗುವುದಕ್ಕೂ ಕಾಗದ ಉರಿಯುವುದಕ್ಕೂ ಈ ಸಾಲು ಚೆನ್ನಾಗಿ ಹೊಂದುತ್ತದೆ. ಅದರಾಚೆಗೆ ಹೋದರೆ ತೊಡಕು ಶುರುವಾಗುತ್ತದೆ.

ಈ ಬಾರಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಆರತಿಯ ಓಕುಳಿ ಕೆಂಪಾಗುತ್ತದೆ, ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಯಾಗುತ್ತದೆ, ಮರಳಿ ಬಂದಿತಲ್ಲ, ಹಾಗಾದರೆ ಇದು ಭೌತ ಬದಲಾವಣೆಯೇ? ಪಕ್ಕದಲ್ಲಿದ್ದ ಹುಡುಗ, ಬೀಸಿದ ಹಿಟ್ಟು ಮತ್ತೆ ರಾಗಿಕಾಳಾಗುವುದಿಲ್ಲ, ಆದ್ದರಿಂದ ಬೀಸುವುದು ರಾಸಾಯನಿಕ ಬದಲಾವಣೆಯಾಗಬೇಕಲ್ಲವೇ ಎಂದ. ಇಬ್ಬರ ತರ್ಕದಲ್ಲಿಯೂ ದೋಷವಿಲ್ಲ. ಅವರು ಹಿಡಿದಿರುವ ಸೂತ್ರವೇ ಸಾಲದಾಗಿದೆ. ಬಣ್ಣ ಬದಲಾಗುವುದು, ಅನಿಲ ಹೊರಬರುವುದು, ಬಿಸಿಯಾಗುವುದು ಎಂಬ ಲಕ್ಷಣಗಳ ಪಟ್ಟಿಯನ್ನು ಕೊಟ್ಟರೆ, ಕುದಿಯುವ ನೀರಿನ ಗುಳ್ಳೆಗಳನ್ನು ತೋರಿಸಿ ಇದೂ ರಾಸಾಯನಿಕವೇ ಎಂದು ಕೇಳುತ್ತಾರೆ.

ನಮ್ಮ ಶಾಲೆಯಲ್ಲಿ ಒಂದು ಸ್ಪಿರಿಟ್ ದೀಪ, ಕೆಲವು ಪ್ರನಾಳಗಳು, ಲಿಟ್ಮಸ್ ಕಾಗದ, ಒಂದು ಅಯಸ್ಕಾಂತ ಮತ್ತು ಸ್ವಲ್ಪ ಮೈಲುತುತ್ತ (ತಾಮ್ರದ ಸಲ್ಫೇಟ್) ಇವೆ. ಇಷ್ಟರಲ್ಲಿಯೇ, ಮಕ್ಕಳು ತಾವೇ ನೋಡಿ ತೀರ್ಮಾನಕ್ಕೆ ಬರುವಂತೆ ಯಾವ ಪ್ರಯೋಗಗಳನ್ನು ಯಾವ ಕ್ರಮದಲ್ಲಿ ಮಾಡಿಸಬಹುದು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ

ಮೇಡಂ, ಆ ಇಬ್ಬರು ಮಕ್ಕಳ ಪ್ರಶ್ನೆಗಳನ್ನೇ ಪಾಠದ ನಡುಮಧ್ಯಕ್ಕೆ ತಂದುಕೊಳ್ಳಿ. ಮರಳಿಸಬಹುದೇ ಎಂಬುದು ಈ ಎರಡು ಬಗೆಯ ಬದಲಾವಣೆಗಳನ್ನು ಬೇರ್ಪಡಿಸುವ ಮಾನದಂಡವಾಗಲಾರದು. ಬದಲಾವಣೆಯಾದ ಮೇಲೆ ನಮ್ಮ ಮುಂದಿರುವುದು ಮೊದಲಿದ್ದ ವಸ್ತುವೇ, ಅಥವಾ ಬೇರೆ ಗುಣಗಳುಳ್ಳ ಹೊಸ ವಸ್ತುವೇ ಎಂಬುದೊಂದನ್ನೇ ಕೇಳಬೇಕು. ಬಣ್ಣ, ಗುಳ್ಳೆ, ಬಿಸಿ ಇವೆಲ್ಲ ಸುಳಿವುಗಳು ಮಾತ್ರ. ಸುಳಿವು ಸಿಕ್ಕ ಮೇಲೆ ವಸ್ತುವನ್ನು ಹಿಡಿದು ಪರೀಕ್ಷಿಸುವ ಕೆಲಸ ಬಾಕಿ ಇರುತ್ತದೆ. ನಮ್ಮ ಪಾಠಗಳು ಸುಳಿವಿನಲ್ಲಿಯೇ ನಿಂತುಬಿಡುವುದರಿಂದ ಈ ಗೊಂದಲ ಹುಟ್ಟುತ್ತದೆ ಎಂದು ನನ್ನ ಅಭಿಪ್ರಾಯ.

ನಿಮ್ಮ ಬಳಿ ಮೈಲುತುತ್ತ ಇರುವುದು ದೊಡ್ಡ ಅನುಕೂಲ. ಹತ್ತು ವಸ್ತುಗಳಿಗೆ ಹತ್ತು ಪ್ರಯೋಗ ಮಾಡುವ ಬದಲು ಈ ಒಂದೇ ವಸ್ತುವನ್ನು ನಾಲ್ಕು ಬಗೆಯ ಬದಲಾವಣೆಗೆ ಒಳಪಡಿಸಿದರೆ ಮಕ್ಕಳ ಗಮನ ಚದುರುವುದಿಲ್ಲ.

ಮೊದಲು ಒಂದು ಕಡುನೀಲಿ ಹರಳನ್ನು ಕುಟ್ಟಿ ನುಣುಪಾಗಿ ಪುಡಿ ಮಾಡಿಸಿ. ಪುಡಿ ತಿಳಿನೀಲಿಯಾಗಿ ಕಾಣುತ್ತದೆ. ಬಣ್ಣ ಬದಲಾಯಿತು, ಆದ್ದರಿಂದ ರಾಸಾಯನಿಕ ಬದಲಾವಣೆ ಎಂದು ಕೆಲವರು ಖಂಡಿತ ಹೇಳುತ್ತಾರೆ. ಹೇಳಲಿ. ನಂತರ ಅದೇ ಪುಡಿಯನ್ನು ಬಿಸಿನೀರಿನಲ್ಲಿ ಇನ್ನು ಕರಗದೆಂಬಷ್ಟು ಕರಗಿಸಿ, ಸೋಸಿ, ಅಲುಗಾಡಿಸದೆ ಒಂದು ದಿನ ಬಿಡಿ. ತಳದಲ್ಲಿ ಮೊದಲಿನಂತೆಯೇ ಕಡುನೀಲಿ ಹರಳುಗಳು ಮೂಡುತ್ತವೆ. ಪುಡಿಯಾದಾಗ ಬಣ್ಣ ತಿಳಿಯಾದದ್ದು ಸಣ್ಣ ಸಣ್ಣ ಕಣಗಳು ಬೆಳಕನ್ನು ಚದುರಿಸಿದ್ದರಿಂದಲೇ ಹೊರತು ಬೇರೆ ವಸ್ತು ಹುಟ್ಟಿದ್ದರಿಂದ ಅಲ್ಲ ಎಂಬುದು ಆಗ ಸ್ಪಷ್ಟವಾಗುತ್ತದೆ. ಕುಟ್ಟುವುದು, ಕರಗಿಸುವುದು, ಹರಳುಗಟ್ಟಿಸುವುದು ಮೂರೂ ಭೌತ ಬದಲಾವಣೆಗಳೇ. ರಾಗಿ ಬೀಸಿದ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ: ಹಿಟ್ಟು ಕಾಳಾಗಿ ಮರಳದಿದ್ದರೂ ಅದರಲ್ಲಿರುವುದು ರಾಗಿಯ ಪಿಷ್ಟವೇ, ರಾಗಿಯ ನಾರೇ. ಕಾಳನ್ನು ಜಜ್ಜಿ ಒಂದು ಹನಿ ಅಯೋಡಿನ್ ಹಾಕಿದರೂ ಹಿಟ್ಟಿಗೆ ಹಾಕಿದರೂ ಅದೇ ಕಡುನೀಲಿ ಬಣ್ಣ ಬರುತ್ತದೆ.

ಮೂರನೆಯದಾಗಿ, ಒಂದು ಚಿಟಿಕೆ ಪುಡಿಯನ್ನು ಒಣ ಪ್ರನಾಳದಲ್ಲಿ ಹಾಕಿ, ಪ್ರನಾಳದ ಬಾಯಿ ತುಸು ಕೆಳಕ್ಕೆ ಬಾಗುವಂತೆ ಹಿಡಿದು ಮೆಲ್ಲಗೆ ಕಾಯಿಸಿ. ಹಾಗೆ ಬಾಗಿಸದಿದ್ದರೆ ಮೇಲೆ ತಣಿದ ನೀರಹನಿಗಳು ಕಾದ ತಳಕ್ಕೆ ಜಾರಿ ಗಾಜು ಸೀಳುತ್ತದೆ. ನೀಲಿ ಬಣ್ಣ ಮಾಸುತ್ತ ಹೋಗಿ ಪುಡಿ ಬೆಳ್ಳಗಾಗುತ್ತದೆ, ಬಾಯಿಯ ಬಳಿ ನೀರಿನ ಹನಿಗಳು ಕೂಡುತ್ತವೆ. ಹರಳಿನಲ್ಲಿ ತಾಮ್ರದ ಸಲ್ಫೇಟಿನ ಪ್ರತಿ ಘಟಕದೊಂದಿಗೆ ಐದು ನೀರಿನ ಅಣುಗಳು ಬಂಧಿತವಾಗಿರುತ್ತವೆ. ಕಾಯಿಸಿದಾಗ ಆ ಬಂಧ ಕಳಚಿ, ನೀರಿಲ್ಲದ ಬಿಳಿ ವಸ್ತು ಉಳಿಯುತ್ತದೆ. ಪ್ರನಾಳ ಪೂರ್ತಿ ತಣಿದ ಮೇಲೆ ಎರಡು ಹನಿ ನೀರು ಹಾಕಿದರೆ ನೀಲಿ ಬಣ್ಣ ಮರಳುತ್ತದೆ, ಪ್ರನಾಳವನ್ನು ಹಿಡಿದ ಕೈಗೆ ಬಿಸಿ ತಟ್ಟುತ್ತದೆ. ಇದು ಮರಳಿಸಬಹುದಾದ ರಾಸಾಯನಿಕ ಬದಲಾವಣೆ. ಮಕ್ಕಳ ಬಾಯಿಪಾಠದ ಸಾಲು ಅವರ ಕಣ್ಣೆದುರೇ ಬಿದ್ದುಹೋಗುವುದು ಇಲ್ಲಿ, ಆದ್ದರಿಂದ ಈ ಪ್ರಯೋಗವನ್ನು ಅವಸರದಲ್ಲಿ ಮುಗಿಸಬೇಡಿ.

ಕೊನೆಯದು ಪಠ್ಯಪುಸ್ತಕದಲ್ಲಿಯೂ ಇರುವ ಪ್ರಯೋಗ. ಮೈಲುತುತ್ತದ ದ್ರಾವಣದಲ್ಲಿ ಉಪ್ಪುಕಾಗದದಿಂದ ಉಜ್ಜಿದ ಕಬ್ಬಿಣದ ಮೊಳೆಯನ್ನು ಮುಳುಗಿಸಿ ಅರ್ಧ ಗಂಟೆ ಬಿಡಿ. ಮೊಳೆಯ ಮೇಲೆ ಕಂದುಗೆಂಪು ಪದರ ಕೂಡುತ್ತದೆ, ದ್ರಾವಣ ನಿಧಾನವಾಗಿ ಹಸಿರಿಗೆ ತಿರುಗುತ್ತದೆ. ಇಲ್ಲಿ ಹೋಲಿಕೆಗೆ ಇನ್ನೆರಡು ಪ್ರನಾಳಗಳನ್ನು ಇಡುವುದು ಅಗತ್ಯ: ಬರಿಯ ನೀರಿನಲ್ಲಿ ಒಂದು ಮೊಳೆ, ಮೊಳೆಯಿಲ್ಲದ ಮೈಲುತುತ್ತದ ದ್ರಾವಣ. ಪದರವನ್ನು ಕೆರೆದು ತೆಗೆದು ಅಯಸ್ಕಾಂತಕ್ಕೆ ಹಿಡಿಯಿರಿ; ಕಬ್ಬಿಣದ ಚೂರು ಬೆರೆಯದಿದ್ದರೆ ಅದು ಅಂಟುವುದಿಲ್ಲ. ದ್ರಾವಣ ಪೂರ್ತಿ ಹಸಿರಾಗುವವರೆಗೆ ಮೊಳೆಗಳನ್ನು ಬಿಟ್ಟು, ಸೋಸಿ ಆವಿಯಾಗಲು ಇಟ್ಟರೆ ತಿಳಿಹಸಿರು ಬಣ್ಣದ ಹರಳುಗಳು ಬರುತ್ತವೆ, ಮೈಲುತುತ್ತ ಬರುವುದಿಲ್ಲ. ಕಬ್ಬಿಣವು ತಾಮ್ರವನ್ನು ಅದರ ಸಂಯುಕ್ತದಿಂದ ಹೊರದೂಡಿ ತಾನು ಆ ಸ್ಥಳದಲ್ಲಿ ಸೇರಿಕೊಂಡಿದೆ.

ಓಕುಳಿಯ ವಿಷಯ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯವು ಸುಣ್ಣದಂತಹ ಪ್ರತ್ಯಾಮ್ಲದಲ್ಲಿ ಒಂದು ಹೈಡ್ರೋಜನ್ ಅಯಾನನ್ನು (ವಿದ್ಯುದಾವೇಶವುಳ್ಳ ಕಣವನ್ನು) ಕಳೆದುಕೊಂಡು ಕೆಂಪು ಬಣ್ಣದ ರೂಪ ತಾಳುತ್ತದೆ. ಆಮ್ಲ ಬಿದ್ದಾಗ ಅದನ್ನು ಮರಳಿ ಪಡೆದು ಹಳದಿಯಾಗುತ್ತದೆ. ಎರಡು ದಿಕ್ಕಿನಲ್ಲಿಯೂ ಇದು ರಾಸಾಯನಿಕ ಬದಲಾವಣೆಯೇ. ಜೊತೆಗೆ ನಿಂಬೆರಸ ಹಿಂಡಿದಾಗ ಬಣ್ಣ ಮಾತ್ರ ಹಿಂದಿರುಗಿದೆ: ಸುಣ್ಣವು ಸಿಟ್ರಿಕ್ ಆಮ್ಲದೊಂದಿಗೆ ಕೂಡಿ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಬಟ್ಟಲಿನಲ್ಲಿಯೇ ಉಳಿದಿದೆ. ಅರಿಶಿನದ ನೀರಿನೊಂದಿಗೆ ಪ್ರಾರಂಭಿಸಿದ ಬಟ್ಟಲು ಆರಂಭದ ಸ್ಥಿತಿಗೆ ಬಂದಿಲ್ಲ ಎಂಬುದನ್ನು ಆ ವಿದ್ಯಾರ್ಥಿನಿಗೆ ವಿವರಿಸಿದರೆ ಆಕೆಗೆ ತೃಪ್ತಿಯಾದೀತು.

ಉತ್ತರ 2: ಅಡಿಕೆ ಬೆಳೆಗಾರ, ಹಿಂದೆ ಪ್ರೌಢಶಾಲಾ ಶಿಕ್ಷಕ, ತೀರ್ಥಹಳ್ಳಿ

ಮೈಲುತುತ್ತದಲ್ಲಿ ಕಬ್ಬಿಣ ಅದ್ದುವ ಪ್ರಯೋಗವನ್ನು ನಮ್ಮ ಕಡೆಯ ಮಕ್ಕಳು ಪಾಠಕ್ಕಿಂತ ಮೊದಲು ತೋಟದಲ್ಲಿಯೇ ನೋಡಿರುತ್ತಾರೆ. ಮಳೆಗಾಲಕ್ಕೆ ಮುಂಚೆ ಕೊಳೆರೋಗ ತಡೆಯಲು ಅಡಿಕೆ ಗೊನೆಗಳಿಗೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೇಕು. ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕಲಸಿಕೊಂಡು, ಆಮೇಲೆ ಮೈಲುತುತ್ತದ ದ್ರಾವಣವನ್ನು ಸುಣ್ಣದ ನೀರಿಗೆ ಸುರಿಯುತ್ತಾರೆ. ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ತಿಕ್ಕಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನೂ ಬಿಡಿ ತಾಮ್ರ ದ್ರಾವಣದಲ್ಲಿದೆ ಎಂದು ಅರ್ಥ. ಅದನ್ನು ಹಾಗೆಯೇ ಸಿಂಪಡಿಸಿದರೆ ಹಿಂಗಾರ ಸುಡುತ್ತದೆ. ಆದ್ದರಿಂದ ಮತ್ತಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಪರೀಕ್ಷಿಸುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಆರಂಭದಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ ಈ ದ್ರಾವಣವನ್ನು ಬಳಕೆಗೆ ತಂದ ಕಾಲದಿಂದಲೂ ಮಲೆನಾಡಿಗೆ ಇದು ಪರಿಚಿತ.

ತರಗತಿಯಲ್ಲಿ ಇದನ್ನು ಸಣ್ಣದಾಗಿ ಮಾಡಿ ತೋರಿಸಬಹುದು. ಒಂದು ಪ್ರನಾಳ ಮೈಲುತುತ್ತದ ತಿಳಿ ದ್ರಾವಣಕ್ಕೆ ಸುಣ್ಣದ ನೀರು ಹಾಕುತ್ತ ಬಂದಂತೆ ತಿಳಿನೀಲಿ ಬಣ್ಣದ ಒತ್ತರ ಇಳಿಯುತ್ತದೆ. ಪಾರದರ್ಶಕವಾಗಿದ್ದ ಎರಡು ದ್ರವಗಳನ್ನು ಕೂಡಿಸಿದಾಗ ನೀರಿನಲ್ಲಿ ಕರಗದ ಘನವಸ್ತು ಹುಟ್ಟುವುದು ಹೊಸ ವಸ್ತುವಿಗೆ ಬಹಳ ಬಲವಾದ ಸುಳಿವು. ಆಮೇಲೆ ಮೊಳೆ ಅದ್ದಿ, ಸುಣ್ಣ ಹಾಕುವ ಮೊದಲು ಮತ್ತು ನಂತರ ಏನಾಗುತ್ತದೆ ಎಂದು ಹೋಲಿಸಲಿ. ಮಲೆನಾಡು, ಕರಾವಳಿಯ ಶಾಲೆಗಳಲ್ಲಿ ಪಾಠವನ್ನು ಇಲ್ಲಿಂದಲೇ ಆರಂಭಿಸುವುದು ಉತ್ತಮ ಎಂಬುದು ನನ್ನ ಬಲವಾದ ನಂಬಿಕೆ, ಏಕೆಂದರೆ ಯಾವುದೋ ಒಂದು ಬದಲಾವಣೆ ಪೂರ್ಣವಾಗಿದೆಯೇ ಎಂದು ರಾಸಾಯನಿಕ ಪರೀಕ್ಷೆಯಿಂದ ತಿಳಿಯುವುದು ಅವರ ಮನೆಯವರ ನಿತ್ಯದ ಕೆಲಸ.

ಇನ್ನು ಸುಣ್ಣದ ತಿಳಿನೀರನ್ನು ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ. ಎಲೆಅಡಿಕೆಗೆ ಬಳಸುವ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಸಾಕು. ಬಾಟಲಿಯನ್ನು ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಗೋಡೆಗೆ ಬಳಿದ ಸುಣ್ಣ ಕೆಲವು ದಿನಗಳಲ್ಲಿ ಗಟ್ಟಿಯಾಗುವುದೂ ಇದೇ ಬದಲಾವಣೆಯಿಂದ.

ಪ್ರಶ್ನೆ ಕೇಳಿದ ಶಿಕ್ಷಕಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು ಸರ್. ಒಂದೇ ವಸ್ತುವನ್ನು ನಾಲ್ಕು ರೀತಿಯಲ್ಲಿ ಬದಲಾಯಿಸುವ ಕ್ರಮ ನನಗೆ ಬಹಳ ಹಿಡಿಸಿತು. ಎರಡು ಸಂದೇಹಗಳು ಉಳಿದಿವೆ. ಉಪ್ಪು ನೀರಿನಲ್ಲಿ ಕರಗುವುದನ್ನು ಭೌತ ಬದಲಾವಣೆ ಎಂದು ಕಲಿಸುತ್ತೇವೆ, ಆದರೆ ಕರಗಿದಾಗ ಉಪ್ಪು ಅಯಾನುಗಳಾಗಿ ಬೇರ್ಪಡುತ್ತದೆ, ಆದ್ದರಿಂದ ಅದು ರಾಸಾಯನಿಕ ಬದಲಾವಣೆ ಎಂದು ನಮ್ಮ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ಎರಡನೆಯದಾಗಿ, ತೂಕ ಮಾಡಿ ನೋಡುವುದರಿಂದ ಈ ಎರಡನ್ನು ಗುರುತಿಸಬಹುದೇ?

ಉತ್ತರ 3: ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ, ಮೈಸೂರು

ಉಪ್ಪಿನ ವಿಷಯದಲ್ಲಿ ನಿಮ್ಮ ಸಹೋದ್ಯೋಗಿಯವರ ವಾದವನ್ನು ಗೌರವದಿಂದಲೇ ಪರಿಶೀಲಿಸಬೇಕು, ಏಕೆಂದರೆ ಇದು ರಸಾಯನಶಾಸ್ತ್ರದ ಇತಿಹಾಸದಲ್ಲಿಯೇ ದೊಡ್ಡ ಚರ್ಚೆಯಾಗಿದ್ದ ವಿಷಯ. ಹದಿನೆಂಟನೆಯ ಶತಮಾನದ ಕೊನೆಗೆ ಫ್ರಾನ್ಸಿನ ಬರ್ತೊಲೆ ಎಂಬ ವಿಜ್ಞಾನಿ ದ್ರಾವಣಗಳನ್ನೂ ಮಿಶ್ರಲೋಹಗಳನ್ನೂ ಸಂಯುಕ್ತಗಳೆಂದೇ ಭಾವಿಸಿದ್ದರು. ಜೋಸೆಫ್ ಪ್ರೂಸ್ಟ್ ಇದನ್ನು ಒಪ್ಪಲಿಲ್ಲ. ತಾಮ್ರದ ಕಾರ್ಬೊನೇಟ್ ಗಣಿಯಿಂದ ಬಂದಿರಲಿ, ಪ್ರಯೋಗಾಲಯದಲ್ಲಿ ತಯಾರಾಗಿರಲಿ, ಅದರಲ್ಲಿರುವ ಧಾತುಗಳ ಪ್ರಮಾಣ ಒಂದೇ ಎಂದು ಅವರು 1799ರಲ್ಲಿ ತೋರಿಸಿದರು. ಸಂಯುಕ್ತಕ್ಕೆ ನಿಶ್ಚಿತ ಅನುಪಾತವಿದೆ, ಮಿಶ್ರಣಕ್ಕೂ ದ್ರಾವಣಕ್ಕೂ ಇಲ್ಲ ಎಂಬ ಅವರ ನಿಲುವೇ ಕಾಲಕ್ರಮದಲ್ಲಿ ಉಳಿಯಿತು.

ಈ ದೃಷ್ಟಿಯಿಂದ ನೋಡಿದರೆ, 100 ಮಿಲಿಲೀಟರ್ ನೀರಿಗೆ 1 ಗ್ರಾಂ ಉಪ್ಪನ್ನೂ ಕರಗಿಸಬಹುದು, 20 ಗ್ರಾಮನ್ನೂ ಕರಗಿಸಬಹುದು, ಕೋಣೆಯ ಉಷ್ಣತೆಯಲ್ಲಿ ಸುಮಾರು 36 ಗ್ರಾಂ ತಲುಪುವವರೆಗೆ ಎಷ್ಟು ಬೇಕಾದರೂ ಕರಗಿಸಬಹುದು. ನೀರನ್ನು ಆವಿಯಾಗಿಸಿದರೆ ಹಾಕಿದ ಉಪ್ಪೇ ಸಿಗುತ್ತದೆ. ಅಯಾನುಗಳಂತೂ ಘನ ಉಪ್ಪಿನ ಹರಳಿನಲ್ಲಿ ಮೊದಲೇ ಇದ್ದವು. ನೀರು ಅವುಗಳನ್ನು ಸುತ್ತುವರಿದು ದೂರ ಸರಿಸುತ್ತದೆ. ಅಯಾನು ಮತ್ತು ನೀರಿನ ಅಣುಗಳ ನಡುವೆ ಆಕರ್ಷಣೆ ಏರ್ಪಡುವುದು ನಿಜ, ಆದ್ದರಿಂದ ಮೇಲಿನ ತರಗತಿಗಳಲ್ಲಿ ಇದನ್ನು ಗಡಿಯ ಮೇಲಿನ ಉದಾಹರಣೆ ಎಂದು ಹೇಳಬಹುದು. ಏಳನೆಯ ತರಗತಿಗೆ ಭೌತ ಬದಲಾವಣೆ ಎಂದು ಕಲಿಸುವುದರಲ್ಲಿ ತಪ್ಪಿಲ್ಲ. ಕರಗುವುದೆಲ್ಲವೂ ಭೌತ ಬದಲಾವಣೆ ಎಂದು ಮಾತ್ರ ಹೇಳಬೇಡಿ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಅದು ಕೊತಕೊತನೆ ಕುದಿದು ಅರಳುತ್ತದೆ, ನೀರು ಆರಿದ ಮೇಲೆ ಸಿಗುವುದು ಸುಟ್ಟ ಸುಣ್ಣವಲ್ಲ. 56 ಗ್ರಾಂ ಇದ್ದದ್ದು 18 ಗ್ರಾಂ ನೀರನ್ನು ತನ್ನೊಳಗೆ ಸೇರಿಸಿಕೊಂಡು 74 ಗ್ರಾಂ ಅರಳಿದ ಸುಣ್ಣವಾಗಿರುತ್ತದೆ. ಇದನ್ನು ಮಕ್ಕಳ ಕೈಯಿಂದ ಮಾಡಿಸಬಾರದು. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಕರಗಿಸಿದ್ದನ್ನು ಆವಿಯಾಗಿಸಿ, ಉಳಿದದ್ದನ್ನು ಮತ್ತೆ ಪರೀಕ್ಷಿಸುವ ಕ್ರಮವನ್ನೇ ಅಡುಗೆ ಸೋಡಾಕ್ಕೂ ಬಳಸಿ. ಸೋಡಾ ಪುಡಿಗೆ ನೊರೆ ಪೂರ್ತಿ ನಿಲ್ಲುವವರೆಗೆ ನಿಂಬೆರಸ ಹಾಕಿ, ದ್ರವವನ್ನು ಬಿಸಿಲಿನಲ್ಲಿ ಆರಿಸಿ, ಉಳಿಕೆಗೆ ಮತ್ತೆ ನಿಂಬೆರಸ ಹಾಕಿದರೆ ನೊರೆ ಬರುವುದಿಲ್ಲ. ಸೋಡಾ ಅಲ್ಲಿಲ್ಲ ಎಂಬುದಕ್ಕೆ ಅದೇ ಪುರಾವೆ. ಹೊರಬಂದ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದರೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕುದಿಯುವ ನೀರಿನ ಗುಳ್ಳೆಗಳ ಬಗ್ಗೆ ಕೇಳುವ ಮಕ್ಕಳಿಗೆ ಇದರಿಂದಲೇ ಉತ್ತರ ಕೊಡಬಹುದು: ಆ ಗುಳ್ಳೆಯ ಆವಿಯನ್ನು ತಣ್ಣನೆಯ ತಟ್ಟೆಗೆ ತಾಗಿಸಿದರೆ ನೀರೇ ಸಿಗುತ್ತದೆ, ಸೋಡಾದಿಂದ ಬಂದ ಗುಳ್ಳೆ ತಣಿದು ಸೋಡಾ ಆಗುವುದಿಲ್ಲ.

ಮೇಣದಬತ್ತಿಯನ್ನು ಬಿಡಬೇಡಿ. ಮೈಕೆಲ್ ಫ್ಯಾರಡೆಯವರು 1860ರ ಕ್ರಿಸ್ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗೆ ಆರಂಭಿಸಿದ ಉಪನ್ಯಾಸಮಾಲೆ ಪೂರ್ತಿ ಒಂದು ಮೇಣದಬತ್ತಿಯ ಸುತ್ತಲೇ ಇತ್ತು. ಉರಿಯುವ ಬತ್ತಿಯನ್ನು ಊದಿ ಆರಿಸಿದಾಗ ಏಳುವ ಬಿಳಿ ಹೊಗೆಗೆ, ಬತ್ತಿಗೆ ತಾಗಿಸದೆ, ಕಡ್ಡಿಯ ಜ್ವಾಲೆ ಹಿಡಿದರೆ ಬೆಂಕಿ ಆ ಹೊಗೆಯ ಜಾಡಿನಲ್ಲಿ ಇಳಿದು ಬತ್ತಿಯನ್ನು ಹೊತ್ತಿಸುತ್ತದೆ. ಅಂದರೆ ಮೇಣ ಕರಗುವುದು, ಆವಿಯಾಗುವುದು ಭೌತ ಬದಲಾವಣೆಗಳು. ಆ ಆವಿ ಉರಿಯುವುದು ರಾಸಾಯನಿಕ ಬದಲಾವಣೆ. ಜ್ವಾಲೆಯ ಮೇಲೆ ಗಾಜಿನ ಲೋಟ ಬೋರಲು ಹಿಡಿದರೆ ಒಳಗೆ ಮಂಜು ಕೂಡುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಬಿಳಿ ಮೈಲುತುತ್ತದ ಪುಡಿಗೆ ಅದನ್ನು ಸವರಿದರೆ ನೀಲಿಯಾಗುವುದರಿಂದ ಅದು ನೀರು ಎಂದು ಖಚಿತವಾಗುತ್ತದೆ.

ಇದರ ಜೊತೆಗೆ ಸಕ್ಕರೆಯನ್ನು ಇಟ್ಟು ನೋಡಿ. ಮೇಣ ಕರಗಿ ಆರಿದರೆ ಮೇಣವೇ ಆಗುತ್ತದೆ. ಪ್ರನಾಳದಲ್ಲಿ ಸಕ್ಕರೆ ಕಾಯಿಸಿದರೆ ಆರಂಭದಲ್ಲಿ ಕರಗಿದಂತೆಯೇ ಕಾಣುತ್ತದೆ, ಆದರೆ ಬೇಗನೆ ಕಂದಾಗಿ, ಬಾಯಿಯ ಬಳಿ ನೀರಹನಿ ಕೂಡಿ, ಕೊನೆಗೆ ನೀರಿನಲ್ಲಿ ಕರಗದ ಕಪ್ಪು ಇಂಗಾಲ ಉಳಿಯುತ್ತದೆ. ಎರಡೂ ಒಂದೇ ದೀಪದ ಮೇಲೆ, ಮೊದಲ ನಿಮಿಷದಲ್ಲಿ ಒಂದೇ ರೀತಿ ಕಾಣುವುದರಿಂದ ಮಕ್ಕಳಿಗೆ ನೋಟವನ್ನಷ್ಟೇ ನಂಬಬಾರದೆಂದು ತಿಳಿಯುತ್ತದೆ.

ಉತ್ತರ 4: ಪ್ರೌಢಶಾಲಾ ಶಿಕ್ಷಕ, ಕಲಬುರಗಿ

ತೂಕದ ಪ್ರಶ್ನೆಗೆ ನನ್ನ ಉತ್ತರ: ತೂಕದಿಂದ ಇವೆರಡನ್ನು ಬೇರ್ಪಡಿಸಲಾಗದು. ಮುಚ್ಚಿದ ಪಾತ್ರೆಯಲ್ಲಿ ಮಂಜುಗಡ್ಡೆ ಕರಗಿದರೂ ತೂಕ ಅಷ್ಟೇ, ಸೋಡಾ ಮತ್ತು ಆಮ್ಲ ವರ್ತಿಸಿದರೂ ಅಷ್ಟೇ. ಆದರೂ ಈ ಪ್ರಯೋಗ ಮಾಡಿಸುವುದು ಒಳ್ಳೆಯದು, ಏಕೆಂದರೆ ಉರಿದದ್ದು, ನೊರೆಯಾದದ್ದು ಇಲ್ಲವಾಗಿಹೋಯಿತು ಎಂದು ಅನೇಕ ಮಕ್ಕಳು ಭಾವಿಸುತ್ತಾರೆ.

ಸಾಮಾನ್ಯವಾಗಿ ಬಾಟಲಿಯ ಬಾಯಿಗೆ ಬಲೂನು ಕಟ್ಟಿ ಇದನ್ನು ತೋರಿಸುತ್ತಾರೆ. ಬಲೂನು ಉಬ್ಬುವುದು ನೋಡಲು ಚೆನ್ನ, ತೂಕಕ್ಕೆ ಮಾತ್ರ ಸೂಕ್ತವಲ್ಲ. ಉಬ್ಬಿದ ಬಲೂನು ಸುತ್ತಲಿನ ಗಾಳಿಯನ್ನು ಸರಿಸುತ್ತದೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಬಲೂನು 1 ಲೀಟರಿನಷ್ಟು ಉಬ್ಬಿದರೆ ತಕ್ಕಡಿ ಸುಮಾರು 1.2 ಗ್ರಾಂ ಕಡಿಮೆ ತೋರಿಸುತ್ತದೆ, ಮಕ್ಕಳು ದ್ರವ್ಯ ನಷ್ಟವಾಯಿತು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಅದರ ಬದಲು ತಂಪು ಪಾನೀಯದ 1 ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಸ್ವಲ್ಪ ವಿನಿಗರ್ ಹಾಕಿ, 1 ಗ್ರಾಂ ಸೋಡಾವನ್ನು ಕಾಗದದ ಪೊಟ್ಟಣದಲ್ಲಿ ಇಳಿಬಿಟ್ಟು, ಮುಚ್ಚಳ ಬಿಗಿದು ತೂಗಿ, ಆಮೇಲೆ ಬಾಟಲಿಯನ್ನು ಓರೆ ಮಾಡಿ ಬೆರೆಸಿ ಮತ್ತೆ ತೂಗಿ. ತೂಕ ಬದಲಾಗದು. ಮುಚ್ಚಳ ನಿಧಾನವಾಗಿ ಸಡಿಲಿಸಿ, ಬಾಟಲಿಯನ್ನು ತುಸು ಹೊತ್ತು ಓರೆಯಾಗಿ ಹಿಡಿದು ಅನಿಲವನ್ನು ಹೊರಬಿಟ್ಟು, ಮುಚ್ಚಳದ ಸಮೇತ ತೂಗಿದರೆ ಇಳಿಕೆ ಕಾಣುತ್ತದೆ. 1 ಗ್ರಾಂ ಸೋಡಾದಿಂದ ಹೊರಬರುವ ಅನಿಲವೇ ಸುಮಾರು ಅರ್ಧ ಗ್ರಾಂ ಆದ್ದರಿಂದ 0.1 ಗ್ರಾಂ ವರೆಗೆ ಅಳೆಯುವ ತಕ್ಕಡಿ ಬೇಕು. ಸೋಡಾ ಪ್ರಮಾಣ ಹೆಚ್ಚಿಸಬೇಡಿ, ಗಾಜಿನ ಬಾಟಲಿಯನ್ನಂತೂ ಬಳಸಲೇಬೇಡಿ. ಒಳಗಿನ ಒತ್ತಡಕ್ಕೆ ಅದು ಸಿಡಿಯಬಹುದು.

ನಿಶ್ಚಿತ ಅನುಪಾತದ ಮಾತು ಬಂದದ್ದರಿಂದ ಕಬ್ಬಿಣದ ಪುಡಿ ಮತ್ತು ಗಂಧಕದ ಪ್ರಯೋಗವನ್ನೂ ಸೂಚಿಸುತ್ತೇನೆ. ಯಾವ ಪ್ರಮಾಣದಲ್ಲಿ ಬೆರೆಸಿದರೂ ಅಯಸ್ಕಾಂತ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ಅದು ಮಿಶ್ರಣ. 7 ಗ್ರಾಂ ಕಬ್ಬಿಣಕ್ಕೆ 4 ಗ್ರಾಂ ಗಂಧಕದ ಅನುಪಾತದಲ್ಲಿ ಬೆರೆಸಿ ಅದರಲ್ಲಿ ಸ್ವಲ್ಪವನ್ನು ಮಾತ್ರ ಕಾಯಿಸಿದರೆ, ಒಮ್ಮೆ ಕೆಂಪಗೆ ಕಾದು ವರ್ತನೆ ಆರಂಭವಾದ ಮೇಲೆ ದೀಪ ತೆಗೆದರೂ ಅದು ಮುಂದುವರಿಯುತ್ತದೆ. ಉಳಿಯುವ ಬೂದುಗಪ್ಪು ಗಟ್ಟಿಯಿಂದ ಅಯಸ್ಕಾಂತವು ಕಬ್ಬಿಣವನ್ನು ಬೇರ್ಪಡಿಸಲಾರದು. ಇದನ್ನು ಶಿಕ್ಷಕರೇ ಹೊರಗಿನ ಜಗುಲಿಯಲ್ಲಿ, ಗಾಳಿಗೆ ಬೆನ್ನು ಮಾಡಿ ಮಾಡಬೇಕು, ಏಕೆಂದರೆ ಉರಿಯುವ ಗಂಧಕದ ಹೊಗೆ ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಉಳಿಕೆಯ ಮೇಲೆ ಆಮ್ಲ ಹಾಕಿ ಕೊಳೆತ ಮೊಟ್ಟೆಯ ವಾಸನೆ ತೋರಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆ ಅನಿಲ ವಿಷಕಾರಿ, ಅಯಸ್ಕಾಂತದ ಪರೀಕ್ಷೆಯೇ ಇಲ್ಲಿ ಸಾಕು.

ಮೈಲುತುತ್ತವೂ ವಿಷವೇ. ಅದನ್ನು ಮುಟ್ಟಿದ ಮಕ್ಕಳು ಬಿಸಿಯೂಟಕ್ಕೆ ಹೋಗುವ ಮೊದಲು ಸಾಬೂನಿನಿಂದ ಕೈ ತೊಳೆಯುವಂತೆ ನೋಡಿಕೊಳ್ಳಿ, ಊಟದ ತಟ್ಟೆ ಲೋಟಗಳನ್ನು ಈ ಪ್ರಯೋಗಕ್ಕೆ ಬಳಸಬೇಡಿ. ಮಿಕ್ಕ ದ್ರಾವಣದಲ್ಲಿ ಹಳೆಯ ಮೊಳೆಗಳನ್ನು ನೀಲಿ ಬಣ್ಣ ಪೂರ್ತಿ ಹೋಗುವವರೆಗೆ ಒಂದೆರಡು ದಿನ ಬಿಟ್ಟು, ಕೂಡಿದ ತಾಮ್ರವನ್ನು ಸೋಸಿ ತೆಗೆದಿಟ್ಟುಕೊಳ್ಳಿ. ಮೊಳೆ ಮತ್ತು ಅಯಸ್ಕಾಂತದ ಮುಂದಿನ ವರ್ಷದ ಪಾಠಕ್ಕೆ ಆ ತಾಮ್ರದ ಪುಡಿ ಹೋಲಿಕೆಯ ಮಾದರಿಯಾಗಿ ಒದಗುತ್ತದೆ.